ಟ್ರೇಲರಿನ ಸಮತೋಲ ಮತ್ತು ವರ್ತಕರ ಹೊಣೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ (ಹಳಬರ ಬಾಯಲ್ಲಿ ಇದು ಇಂದಿಗೂ ನಾಲ್ಕನೆಯ ಹೆದ್ದಾರಿಯೇ) ಶಿಗ್ಗಾವಿಗೆ ಮೊದಲು ಗೊಟಗೋಡಿ ಸಿಗುತ್ತದೆ. ಉತ್ಸವ ರಾಕ್ ಗಾರ್ಡನ್ ನೋಡಲು ಬರುವ ಶಾಲಾ ಮಕ್ಕಳ ಬಸ್ಸುಗಳು, ಜಾನಪದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಪುಣೆ-ಬೆಂಗಳೂರು ನಡುವಣ ಭಾರಿ ಲಾರಿಗಳು, ಎಲ್ಲರಿಗೂ ಇದೊಂದೇ ದಾರಿ. ಸುಗ್ಗಿಯ ದಿನಗಳಲ್ಲಿ ಇದೇ ದಾರಿಗೆ ಗೋವಿನಜೋಳ, ಹತ್ತಿ, ಕಬ್ಬು ಹೇರಿಕೊಂಡ ಟ್ರ್ಯಾಕ್ಟರುಗಳು ಗಂಟೆಗೆ 25-30 ಕಿ.ಮೀ. ವೇಗದಲ್ಲಿ ಇಳಿಯುತ್ತವೆ. ಹಾನಗಲ್ಲ, ಸವಣೂರು, ಹಿರೇಕೆರೂರು ತಾಲೂಕುಗಳ ರಸ್ತೆಗಳಲ್ಲಿಯೂ ಇದೇ ನೋಟ.

ಟ್ರೇಲರ್ ಮಗುಚಿದಾಗಲೆಲ್ಲ ಚಾಲಕನ ಅಜಾಗರೂಕತೆ ಎಂದು ಬರೆದು ಕಡತ ಮುಚ್ಚುವುದು ರೂಢಿಯಾಗಿದೆ. ಚಾಲಕನ ತಪ್ಪು ಇರಲಾರದೆಂದಲ್ಲ. ಆದರೆ ಬಂಡಿ ರಸ್ತೆಯ ಮೇಲೆ ಹೇಗೆ ನಡೆಯಬೇಕೆಂಬುದು ಬಹುಮಟ್ಟಿಗೆ ಹೇರುವ ಸ್ಥಳದಲ್ಲಿಯೇ ನಿರ್ಧಾರವಾಗಿರುತ್ತದೆ. ಎಷ್ಟು ಹೇರಬೇಕೆಂಬುದನ್ನು ನಿರ್ಧರಿಸುವುದು ಟನ್ನಿಗಿಷ್ಟು ಎಂದು ಗೊತ್ತುಮಾಡಿದ ಬಾಡಿಗೆ. ಆ ಬಾಡಿಗೆಯನ್ನು ಗೊತ್ತುಮಾಡುವವರು ಖರೀದಿದಾರರು, ದಲಾಲಿ ಅಂಗಡಿಯವರು ಮತ್ತು ಕಾರ್ಖಾನೆಯವರು.

ಚಕ್ಕಡಿಯ ಕಾಲದ ರೈತನಿಗೆ ಈ ಶಾಸ್ತ್ರ ಚೆನ್ನಾಗಿ ತಿಳಿದಿತ್ತು. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಎತ್ತುಗಳ ಕೊರಳ ಪಟ್ಟಿ ಬಿಗಿಯುತ್ತಿತ್ತು. ಮುಂಭಾರ ಹೆಚ್ಚಾದರೆ ನೊಗ ಹೆಗಲನ್ನು ಕುಕ್ಕುತ್ತಿತ್ತು. ಆದುದರಿಂದ ಹೇರು ತುಸು ಮುಂಭಾರವಾಗಿಯೇ ಇರುವಂತೆ ಚೀಲಗಳನ್ನು ಸರಿಸಿ ನೋಡಿ ಹೊರಡುತ್ತಿದ್ದರು. ಎರಡು ಗಾಲಿಯ ಟ್ರೇಲರಿಗೂ ಇದೇ ನಿಯಮ. ಭಾರ ಹಿಂದೆ ಬಿದ್ದರೆ ಕೊಂಡಿ ಮೇಲಕ್ಕೆಳೆದು ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ಕಡಿಮೆಯಾಗುತ್ತದೆ, ಟ್ರೇಲರ್ ಬಾಲದಂತೆ ಅತ್ತಿತ್ತ ಆಡತೊಡಗುತ್ತದೆ. ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಮನೆಯಂತಹ ಪ್ರವಾಸಿ ಟ್ರೇಲರ್ ಕಟ್ಟಿಕೊಂಡು ತಿರುಗುವ ಕುಟುಂಬಗಳಿಗೆ ಅಲ್ಲಿ ನೀಡಲಾಗುವ ಮೊದಲ ಸಲಹೆಯೂ ಇದೇ: ಟ್ರೇಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು. ನಮ್ಮ ಟ್ರ್ಯಾಕ್ಟರಿಗೆ ಅದೇ ಅಂಕಿ ಹೊಂದುವುದೆಂದು ತಿಳಿಯಬಾರದು. ಕೊಂಡಿ ಎಷ್ಟು ಭಾರ ತಾಳಬಲ್ಲದೆಂಬುದಕ್ಕೆ ತಯಾರಕರ ಕೈಪಿಡಿಯೇ ಆಧಾರ. ತತ್ತ್ವ ಮಾತ್ರ ಒಂದೇ.

ಮುಂಭಾರ ಮಿತಿಮೀರಿದರೆ ಬೇರೆಯೇ ಅಪಾಯ. ಟ್ರ್ಯಾಕ್ಟರಿನ ಮೂತಿ ಹಗುರವಾಗಿ, ಏರಿನಲ್ಲಿ ಮುಂಗಾಲಿಗಳು ನೆಲ ಬಿಡುತ್ತವೆ. ನೆಲ ಬಿಟ್ಟ ಗಾಲಿಯನ್ನು ಎಷ್ಟು ತಿರುವಿದರೂ ಫಲವಿಲ್ಲ. ಕೊಂಡಿಯನ್ನು ನಿಗದಿತ ಸ್ಥಾನಕ್ಕಿಂತ ಎತ್ತರದಲ್ಲಿ ಕಟ್ಟಿದರಂತೂ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಇಳಿಜಾರಿನಲ್ಲಿ ಕಥೆ ತಿರುವುಮುರುವು. ಸ್ವಂತ ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ನೂಕುತ್ತದೆ, ಚಾಲಕ ಗಾಬರಿಯಿಂದ ಬ್ರೇಕ್ ಒತ್ತಿದೊಡನೆ ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ಇದಕ್ಕೆ ಇಂಬುಕೊಡುತ್ತದೆ. ಟ್ರ್ಯಾಕ್ಟರಿಗೆ ಎಡಬಲ ಬೇರೆ ಬೇರೆ ಬ್ರೇಕ್ ಪೆಡಲುಗಳಿರುವುದು ಹೊಲದಲ್ಲಿ ಗಿರಕಿ ತಿರುಗಿಸಲು. ರಸ್ತೆಗೆ ಬಂದಾಗ ಅವೆರಡನ್ನೂ ಚಿಲಕ ಹಾಕಿ ಜೋಡಿಸಬೇಕು. ಇಲ್ಲವಾದರೆ ಒಂದೇ ಗಾಲಿ ಹಿಡಿದು ಬಂಡಿ ಪಕ್ಕಕ್ಕೆ ಎಳೆಯುತ್ತದೆ. ಎರಡು ಟ್ರೇಲರ್ ಜೋಡಿಸಿದ ಕಬ್ಬಿನ ಗಾಡಿಯಲ್ಲಿ ಮೊದಲನೆಯದರ ಸಣ್ಣ ಓಲಾಟ ಎರಡನೆಯದರಲ್ಲಿ ದೊಡ್ಡದಾಗುತ್ತದೆಂಬುದನ್ನು ಹಿಂದೆ ಬರುವ ಬೈಕ್ ಸವಾರರು ಚೆನ್ನಾಗಿ ಬಲ್ಲರು.

ಈಗ ಲೆಕ್ಕದ ಮಾತು. ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿಗೆ 2019ರಲ್ಲಿ ಆದ ತಿದ್ದುಪಡಿಯಂತೆ ಮಿತಿಮೀರಿದ ಭಾರಕ್ಕೆ 20,000 ರೂ. ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ಹೆಚ್ಚುವರಿ ಸರಕು ಇಳಿಸುವ ಖರ್ಚು ಬೇರೆ. ಟನ್ನಿಗೆ 300 ರೂ. ಬಾಡಿಗೆಯೆಂದು ಊಹಿಸೋಣ. 3 ಟನ್ ಹೆಚ್ಚು ಹೇರಿದ ಗಾಡಿಗೆ ಒಂದು ಖೇಪಿಗೆ ಸಿಗುವುದು 900 ರೂ.; ಒಮ್ಮೆ ಸಿಕ್ಕಿಬಿದ್ದರೆ ತೆರಬೇಕಾದುದು 26,000 ರೂ. ಅಂದರೆ ಸುಮಾರು 29 ಖೇಪುಗಳ ಹೆಚ್ಚುವರಿ ಗಳಿಕೆ. ಕಾನೂನು ಉಲ್ಲಂಘನೆಗೆ ತೆತ್ತ ದಂಡವು ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚಾಗಿ ಒಪ್ಪಿತವಾಗುವುದಿಲ್ಲ. 'ಬಾಡಿಗೆ ಖರ್ಚು' ಎಂದು ಖಾತೆಗೆ ಹಾಕಿದರೆ ಅದರ ಸ್ವರೂಪ ಬದಲಾಗದು. ವರ್ತಕರು ವಿಶೇಷವಾಗಿ ಗಮನಿಸತಕ್ಕ ಸಂಗತಿಯೆಂದರೆ, ಆ ಕಲಮು ವಾಹನ ನಡೆಸುವವನಿಗಷ್ಟೇ ಅನ್ವಯಿಸದೆ, ಹಾಗೆ ನಡೆಸಲು ಕಾರಣನಾದವನಿಗೂ ಅವಕಾಶ ಕೊಟ್ಟವನಿಗೂ ಅನ್ವಯಿಸುತ್ತದೆ.

ವಿಮೆಯದು ಇನ್ನೂ ಸೂಕ್ಷ್ಮ ವಿಷಯ. ಟ್ರ್ಯಾಕ್ಟರ್ ಪರವಾನಗಿಯುಳ್ಳವನು ಟ್ರೇಲರ್ ಜೋಡಿಸಿ ಸರಕು ಸಾಗಿಸಿದ ಮಾತ್ರಕ್ಕೆ ಅವನ ಪರವಾನಗಿ ನಿರರ್ಥಕವಾಗದೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ನಾಗಶೆಟ್ಟಿ ಪ್ರಕರಣದಲ್ಲಿ ತೀರ್ಪಿತ್ತಿದೆ. ಈ ತೀರ್ಪನ್ನು ಸರ್ವರಕ್ಷಕ ಕವಚವೆಂದು ಭಾವಿಸುವವರಿದ್ದಾರೆ. ಅದು ಪರವಾನಗಿಯ ಪ್ರಶ್ನೆಯನ್ನು ಬಗೆಹರಿಸಿತೇ ಹೊರತು, ಕೃಷಿ ಬಳಕೆಗೆಂದು ವಿಮೆ ಮಾಡಿಸಿದ ವಾಹನವನ್ನು ಬಾಡಿಗೆಗೆ ಓಡಿಸಿದಾಗಲೂ, ಟ್ರೇಲರನ್ನು ಪಾಲಿಸಿಯಲ್ಲಿ ಸೇರಿಸದೇ ಇದ್ದಾಗಲೂ ಏಳುವ ತಕರಾರನ್ನಲ್ಲ.

ಮಿತಿಯೊಳಗೆ ಹೇರಿದರೆ ಖೇಪುಗಳು ಹೆಚ್ಚುತ್ತವೆ, ಆ ಖರ್ಚು ಕೊನೆಗೆ ರೈತನ ಮೇಲೆಯೇ ಬೀಳುತ್ತದೆ ಎಂಬ ಆಕ್ಷೇಪ ಸಹಜ, ತಳ್ಳಿಹಾಕುವಂಥದೂ ಅಲ್ಲ. ಆದುದರಿಂದಲೇ ಬಾಡಿಗೆಯನ್ನು ಟನ್ನಿನ ಬದಲು ದೂರ ಮತ್ತು ಖೇಪಿನ ಮೇಲೆ ಗೊತ್ತುಮಾಡುವ ಒಪ್ಪಂದವನ್ನು ಖರೀದಿದಾರರು ಒಟ್ಟಾಗಿ ಮಾಡಬೇಕಾಗಿದೆ. ಒಬ್ಬ ವರ್ತಕನು ಮಾತ್ರ ಮಾಡಹೊರಟರೆ ಅವನ ಗಾಡಿಗಳು ಪಕ್ಕದ ಅಂಗಡಿಗೆ ಹೋಗುತ್ತವೆ. ವೇಬ್ರಿಜ್ ಚೀಟಿಯಲ್ಲಿ ಒಟ್ಟು ತೂಕ ಹೇಗೂ ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲಿ ಟ್ರೇಲರಿನ ನೋಂದಣಿ ಸಂಖ್ಯೆ, ಅದರ ಮಂಜೂರಾದ ತೂಕ, ಹಿಂಬದಿಯ ಪ್ರತಿಫಲಕ ಪಟ್ಟಿ ಇದೆಯೇ ಇಲ್ಲವೇ ಎಂಬ ಮೂರು ಕಲಮುಗಳನ್ನು ಸೇರಿಸುವುದಕ್ಕೆ ಹೊಸ ಚೀಟಿ ಪುಸ್ತಕ ಮುದ್ರಿಸಿದರೆ ಸಾಕು. ಗೋವಿನಜೋಳದ ಆವಕ ಆರಂಭವಾಗುವ ಮೊದಲೇ ಇದನ್ನು ಮುದ್ರಿಸಿಕೊಳ್ಳಬಹುದು.