ಮೊದಲ ದಿನದ ಲೆಕ್ಕ ತಪ್ಪಿದರೆ

ಗೋದಾಮು, ಕಾರ್ಯಾಗಾರಗಳ ಕಾಂಕ್ರೀಟ್ ನೆಲಕ್ಕೆ ನಮ್ಮ ಸದಸ್ಯರು ಗಣನೀಯ ಬಂಡವಾಳ ತೊಡಗಿಸುತ್ತಾರೆ. ಮರುದಿನವೇ ನೆಲದಲ್ಲಿ ಬಿರುಕು ಕಂಡರೆ ಸಿಮೆಂಟನ್ನು ದೂರುವುದು ವಾಡಿಕೆ. ಆದರೆ ಅನೇಕ ವೇಳೆ ಕಾರಣ ಬೇರೆಯೇ ಇರುತ್ತದೆ. ಹಸಿ ಕಾಂಕ್ರೀಟಿನೊಳಗಿಂದ ಮೇಲಕ್ಕೆ ಒಸರುವ ನೀರಿಗಿಂತ ಮೇಲ್ಮೈಯಿಂದ ಆವಿಯಾಗುವ ನೀರು ಹೆಚ್ಚಾದಾಗ, ಇನ್ನೂ ಬಲ ಬಾರದ ಮೇಲ್ಪದರವು ಕುಗ್ಗಿ ಸೀಳುತ್ತದೆ. ಜಮೆಗಿಂತ ಖರ್ಚು ಮಿಗಿಲಾದ ಖಾತೆಯ ಪಾಡೂ ಇದೇ ಅಲ್ಲವೇ?

ಈ ಆವಿಯ ಪ್ರಮಾಣವನ್ನು ಮುಂಚಿತವಾಗಿ ಅಂದಾಜಿಸಲು ಸಾಧ್ಯವಿದೆ. 1998ರಲ್ಲಿ ಪಾಲ್ ಊನೋ ಪ್ರಕಟಿಸಿದ ಸೂತ್ರಕ್ಕೆ ಬೇಕಾದುದು ನಾಲ್ಕೇ ಅಂಕಿಗಳು: ಕಾಂಕ್ರೀಟಿನ ಉಷ್ಣತೆ, ಗಾಳಿಯ ಉಷ್ಣತೆ, ಆರ್ದ್ರತೆ ಮತ್ತು ಗಾಳಿಯ ವೇಗ. ಕಾಂಕ್ರೀಟು 35 ಡಿಗ್ರಿ, ಗಾಳಿ 38 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 25, ಗಾಳಿಯ ವೇಗ ಗಂಟೆಗೆ 15 ಕಿ.ಮೀ. ಇದ್ದರೆ, ಪ್ರತಿ ಚದರ ಮೀಟರಿನಿಂದ ಗಂಟೆಗೆ ಸುಮಾರು 1.4 ಕೆ.ಜಿ. ನೀರು ಹೋಗುತ್ತದೆ. 1 ಕೆ.ಜಿ. ದಾಟಿದರೆ ಅಪಾಯವೆಂಬುದು ಬಹುಕಾಲದ ಮಾನದಂಡ; ನೀರು ಕಡಿಮೆ ಒಸರುವ ಮಿಶ್ರಣಗಳಿಗೆ ಈ ಮಿತಿ ಇನ್ನೂ ಕಡಿಮೆ. ಅದೇ ದಿನ ತಡೆ ಕಟ್ಟಿ ಗಾಳಿಯನ್ನು 5 ಕಿ.ಮೀ.ಗೆ ಇಳಿಸಿದರೆ ಆವಿ ಸುಮಾರು 0.66 ಕೆ.ಜಿ.ಗೆ ಇಳಿಯುತ್ತದೆ. ಉಪಾಯವೆಂದರೆ ತಾಡಪಾಲಿನ ಒಂದು ಮರೆ!

ಸೂತ್ರವು ಬಿರುಕಿನ ಭವಿಷ್ಯ ನುಡಿಯುವುದಿಲ್ಲ, ಎಚ್ಚರಿಕೆಯನ್ನಷ್ಟೇ ನೀಡುತ್ತದೆ. ತಿಂಗಳುಗಟ್ಟಲೆ ನಡೆಯುವ ಒಣಗುವಿಕೆಯ ಕುಗ್ಗುವಿಕೆಗೆ ಸಂಧಿಗಳ ಯೋಜನೆ ಬೇರೆಯೇ ಬೇಕು. ಕ್ಯೂರಿಂಗಿಗೆ ಐಎಸ್ 456:2000 ಸಂಹಿತೆಯು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಹಾಗೂ ಒಣ ಬಿಸಿಲಿನ ವಾತಾವರಣಕ್ಕೆ ಕನಿಷ್ಠ 10 ದಿನ ವಿಧಿಸಿತು.

ಲೆಕ್ಕಪರಿಶೋಧಕನಾಗಿ ನಾನು ಕಾಣುವ ಲೋಪ ಇನ್ನೊಂದಿದೆ. ನೆಲದ ವೆಚ್ಚ ಆಸ್ತಿಯ ಖಾತೆಗೆ ಸೇರುತ್ತದೆ. ಬಿರುಕಿನ ದುರಸ್ತಿ ರಾಜಸ್ವ ವೆಚ್ಚಕ್ಕೆ ಹೋಗುತ್ತದೆ. ಎರಡೂ ಒಂದೇ ಪುಟದಲ್ಲಿ ಎದುರಾಗುವುದಿಲ್ಲವಾದ್ದರಿಂದ ಮಾಲೀಕನಿಗೆ ನಷ್ಟದ ಮೂಲ ಕಾಣದು. ಗುತ್ತಿಗೆಯಲ್ಲಿಯೂ ಕ್ಯೂರಿಂಗ್ ಸಾಮಾನ್ಯವಾಗಿ ಕಾಂಕ್ರೀಟಿನ ದರದಲ್ಲೇ ಅಡಗಿರುತ್ತದೆ. ಬೇರೆ ದರವಿಲ್ಲದ ಕೆಲಸವನ್ನು ಮೊಟಕುಗೊಳಿಸುವುದು ಸುಲಭ.

ಆದುದರಿಂದ ಸದಸ್ಯರು ಅಂದಾಜುಪಟ್ಟಿಯಲ್ಲಿ ಗಾಳಿತಡೆ, ಹೊದಿಕೆ, ಕ್ಯೂರಿಂಗ್‌ಗಳಿಗೆ ಪ್ರತ್ಯೇಕ ದರ ನಮೂದಿಸಲಿ. ಕಾಂಕ್ರೀಟು ಹಾಕುವ ದಿನದ ನಾಲ್ಕು ಅಂಕಿಗಳನ್ನು ದಾಖಲಿಸಿ ಉಭಯರೂ ಸಹಿ ಮಾಡಲಿ. ಕ್ಯೂರಿಂಗ್ ಮುಗಿಯುವವರೆಗೆ ಆ ಬಾಬಿನ ಹಣವನ್ನು ತಡೆಹಿಡಿಯಲಿ. ಪ್ರಾಮಾಣಿಕ ಗುತ್ತಿಗೆದಾರನಿಗೂ ಇದು ರಕ್ಷಣೆಯೇ ಸರಿ.