ಟಿಕ್ ಹಾಕುವ ಮುನ್ನ

ನಮ್ಮ ಹೊಸೂರು ಕಡೆಯ ಎಷ್ಟೋ ಮನೆಗಳ ಮಕ್ಕಳು ಐಟಿಐ, ಡಿಪ್ಲೊಮಾ ಮುಗಿಸಿ ವಾಹನ ಕಾರ್ಖಾನೆಗಳಿಗೆ ಹೋಗುತ್ತಾರೆ. ಅಲ್ಲಿ ಸ್ಪಾಟ್ ವೆಲ್ಡಿಂಗ್ ವಿಭಾಗದಲ್ಲಿರುವ ಯುವಮಿತ್ರರಿಗೂ ಅವರ ಮನೆಯವರಿಗೂ ಒಂದು ಮಾತು: ಪರೀಕ್ಷಿಸದ ಬೆಸುಗೆಗೆ ಚೆಕ್ ಶೀಟಿನಲ್ಲಿ ಟಿಕ್ ಹಾಕುವುದು ಸುಳ್ಳು ಸಾಕ್ಷಿ.

ಒಂದು ಕಾರಿನ ಬಾಡಿಯಲ್ಲಿ ಸಾವಿರಾರು ಸ್ಪಾಟ್ ಬೆಸುಗೆಗಳಿರುತ್ತವೆ. ಎರಡು ತಗಡುಗಳನ್ನು ತಾಮ್ರದ ತುದಿಗಳ ನಡುವೆ ಒತ್ತಿ ಹಿಡಿದು, ಕಣ್ಣುಮಿಟುಕಿಸುವಷ್ಟು ಹೊತ್ತು ಸಾವಿರಾರು ಆಂಪಿಯರ್ ಕರೆಂಟ್ ಹರಿಸುತ್ತಾರೆ. ತಗಡುಗಳು ಕೂಡುವಲ್ಲಿ ಲೋಹ ಕರಗಿ, ಆರಿ, ಗುಂಡಿಯಂತೆ ಗಟ್ಟಿಯಾಗುತ್ತದೆ. ಇದೇ ನಗೆಟ್. 1 ಮಿ.ಮೀ. ದಪ್ಪದ ತಗಡಿಗೆ ಅದು ಕನಿಷ್ಠ 4 ಮಿ.ಮೀ. ಅಗಲವಿರಬೇಕೆಂಬುದು ರೂಢಿಯ ಲೆಕ್ಕ. ಆದರೆ ಅದು ಕಣ್ಣಿಗೆ ಕಾಣದು. ಸರಿಯಾಗಿ ಕರಗದೆ ಬರೀ ಅಂಟಿಕೊಂಡ ಬೆಸುಗೆಯೂ ಮೇಲಿಂದ ಚೆನ್ನಾಗಿಯೇ ಕಾಣಬಹುದು.

ಈಗಿನ ಕಂಟ್ರೋಲರ್‌ಗಳು ಪ್ರತಿ ಬೆಸುಗೆಯ ಕರೆಂಟ್, ವೋಲ್ಟೇಜ್ ಅಳೆದು ಒಳ್ಳೆಯ ಬೆಸುಗೆಯ ಮಾದರಿಯೊಂದಿಗೆ ಹೋಲಿಸುತ್ತವೆ. ಬಹಳ ಉಪಯೋಗ. ಆದರೂ ಆ ಮಾದರಿಯೇ ತಪ್ಪಾಗಿದ್ದರೆ ಹಸಿರು ದೀಪವೂ ತಪ್ಪು ಹೇಳುತ್ತದೆ. ತಾಮ್ರದ ತುದಿ ಸವೆದು ಅಗಲವಾದರೆ ಕರೆಂಟ್ ಹರಡಿಹೋಗಿ ನಗೆಟ್ ಚಿಕ್ಕದಾಗುತ್ತದೆ. ಆದ್ದರಿಂದಲೇ ತುದಿಯನ್ನು ಆಗಾಗ ಕೆತ್ತಿ ಸರಿಮಾಡಬೇಕು. ತಗಡುಗಳ ನಡುವೆ ಉಳಿ ತೂರಿಸಿ ನೋಡಬೇಕು. ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಬೇಕು. ನಡುನಡುವೆ ಒಂದು ಬಾಡಿಯನ್ನೇ ಬಿಚ್ಚಿ ಹರಿದು ನಗೆಟ್ ಅಳೆಯಬೇಕು.

ಟಾರ್ಗೆಟ್ ಹಿಂದೆ ಬಿದ್ದಾಗ ಮೊದಲು ಕೈಬಿಡಬೇಕೆನಿಸುವುದು ಇವನ್ನೇ. ತಪ್ಪನ್ನೆಲ್ಲ ಟ್ರೈನಿ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಪರೀಕ್ಷೆಗೆ ಸಮಯ ಕೊಡದೆ ಸಹಿ ಕೇಳುವ ಮೇಲಿನವರೂ ಆ ಸುಳ್ಳಿನಲ್ಲಿ ಪಾಲುದಾರರೇ. "ಸುಮ್ಮನಿರು ಮಗನೇ, ಕೆಲಸ ಹೋದೀತು" ಎನ್ನುವ ನಮ್ಮ ಮನೆಗಳೂ ಯೋಚಿಸಬೇಕು. ಆ ಭಯ ನಿಜ. ಕಾಂಟ್ರಾಕ್ಟ್ ಕೆಲಸದವನ ಸಂಬಳದಲ್ಲಿ ಮನೆ ನಡೆಯುತ್ತದೆ. ಆದರೆ ಅಪಘಾತವಾದಾಗ ಆ ಬಾಡಿಯೊಳಗೆ ಕೂತಿರುವುದೂ ಒಂದು ಮನೆಯವರೇ. ಬೆಸುಗೆಯನ್ನು ಅವರು ನೋಡಿಲ್ಲ, ನಮ್ಮ ಟಿಕ್ಕನ್ನೇ ನಂಬಿದ್ದಾರೆ.

ಎಂಟನೆಯ ಕಟ್ಟಳೆ ಕೋರ್ಟಿನ ಕಟಕಟೆಗೆ ಮಾತ್ರ ಸೇರಿದ್ದಲ್ಲ, ಚೆಕ್ ಶೀಟಿಗೂ ಸೇರಿದ್ದು. ಮಾಡದ ಪರೀಕ್ಷೆಯ ಮುಂದೆ "ಮಾಡಿಲ್ಲ" ಎಂದು ಬರೆಯಿರಿ. ಸಂಶಯವಿದ್ದರೆ ಸೂಪರ್‌ವೈಸರ್‌ಗೆ ತಿಳಿಸಿ, ಬರಹದಲ್ಲೂ ಇಡಿ. ಹಾಗೆ ಮಾಡಿದ್ದಕ್ಕೆ ಯಾರಿಗಾದರೂ ತೊಂದರೆಯಾದರೆ ಅವರ ಜೊತೆ ನಿಲ್ಲುವುದು ನಮ್ಮ ಯುವಕೂಟದ ಕೆಲಸ. ಮೇ 1ರಂದು ಕಾರ್ಮಿಕ ಸಂತ ಜೋಸೆಫರ ಹಬ್ಬ ಮಾಡುವ ನಾವು ಅಷ್ಟಾದರೂ ಮಾಡಬೇಡವೇ?