ಗೆರೆಯಾಚೆಯ ಆಟ
1979ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಮೂರಂಕದ ಗೆರೆ ಬಂದಾಗ ಅದು ಬರೀ ಒಗ್ಗರಣೆ. ಈಗ ಅದೇ ಊಟ. 2024-25ರ ಸೀಸನ್‌ನಲ್ಲಿ ತಂಡವೊಂದು ಪ್ರತಿ ಪಂದ್ಯದಲ್ಲಿ ಸರಾಸರಿ 37ಕ್ಕೂ ಹೆಚ್ಚು ಸಲ ಅಲ್ಲಿಂದಲೇ ಚೆಂಡೆಸೆಯಿತು. ಸ್ಟೆಫ್ ಕರಿ ಎಸೆದರೆ ಕಣ್ಣಿಗೆ ಹಬ್ಬ, ಒಪ್ಪಿದೆ. ಏಳಡಿ ಎತ್ತರದ ಸೆಂಟರ್‌ಗಳೂ ಬಾಸ್ಕೆಟ್ ಬಿಟ್ಟು ಗೆರೆಯಾಚೆ ಹೋಗಿ ನಿಲ್ಲಬೇಕೇ? ಡೆನ್ವರ್‌ನ ಸೆಂಟರ್ ನಿಕೋಲಾ ಯೋಕಿಚ್ ಎತ್ತಲೋ ನೋಡುತ್ತ ಇನ್ನೆತ್ತಲೋ ಕೊಡುವ ಪಾಸ್‌ಗಳಿಲ್ಲದಿದ್ದರೆ ನಮ್ಮಂಥವರು ಬೆಳ್ಳಂಬೆಳಿಗ್ಗೆ ಟಿವಿ ಹಾಕುತ್ತಲೇ ಇರಲಿಲ್ಲ. ಫುಟ್‌ಬಾಲ್‌ಗೆ ಬೇರೆಯದೇ ಕಾಯಿಲೆ: ಅತಿಯಾಸೆ. 2026ರ ವಿಶ್ವಕಪ್‌ಗೆ ಫಿಫಾ 32ರ ಬದಲು 48 ತಂಡ, 64ರ ಬದಲು 104 ಪಂದ್ಯ ಇಟ್ಟಿದ್ದು ಆಟದ ಮೇಲಿನ ಪ್ರೀತಿಗಲ್ಲ, ದುಡ್ಡಿಗೆ. ಹಾಗೆಂದು ಪೂರ್ತಿ ಬಯ್ಯಲೂ ಬಾಯಿ ಬರುವುದಿಲ್ಲ. ಸುಮಾರು ಐದು ಲಕ್ಷ ಜನರ ಪುಟ್ಟ ಕೇಪ್ ವರ್ಡೆ ಮೊದಲ ಬಾರಿಗೆ ಅರ್ಹತೆ ಗಿಟ್ಟಿಸಿತಲ್ಲ, ಅದೂ ಕ್ಯಾಮೆರೂನ್‌ನಂಥ ಘಟಾನುಘಟಿಯನ್ನು ಗುಂಪಿನಲ್ಲಿ ಹಿಂದಿಕ್ಕಿ!